ಮದುವೆಯ ವೆಚ್ಚ: ಯಾವುದು ಅಗತ್ಯ, ಯಾವುದು ಆಡಂಬರ?

ಕಥೋಲಿಕ ವಿವಾಹವೊಂದು ಸಿಂಧುವಾಗಲು ಧರ್ಮಸಭೆ ಕೇಳುವುದು ಅತ್ಯಲ್ಪ. ಅಡಚಣೆಯಿಲ್ಲದ ವಧೂವರರ ಮುಕ್ತ ಸಮ್ಮತಿ, ಅದನ್ನು ಸ್ವೀಕರಿಸಲು ಅಧಿಕಾರವುಳ್ಳ ಧರ್ಮಗುರು ಅಥವಾ ಡೀಕನ್, ಜೊತೆಗೆ ಇಬ್ಬರು ಸಾಕ್ಷಿಗಳು. 1983ರ ಧರ್ಮಸಭಾ ಕಾನೂನು ಸಂಹಿತೆಯ 1057 ಹಾಗೂ 1108ನೆಯ ವಿಧಿಗಳಲ್ಲಿ ಬ್ಯಾಂಡ್‌ಸೆಟ್ಟಾಗಲಿ, ಅಂತಸ್ತುಗಳ ಕೇಕಾಗಲಿ ಕಾಣಸಿಗದು. ಆದರೂ ದಿನ ಗೊತ್ತುಪಡಿಸಲು ನಮ್ಮಲ್ಲಿಗೆ ಬರುವ ಎಷ್ಟೋ ಹೆತ್ತವರ ಮುಖದಲ್ಲಿ ಸಂತೋಷಕ್ಕಿಂತ ಸಾಲದ ಚಿಂತೆಯೇ ಎದ್ದು ಕಾಣುತ್ತದೆ. 2020ರ ಕೋವಿಡ್ ಕಾಲದಲ್ಲಿ ಸರಕಾರ 50 ಅತಿಥಿಗಳ ಮಿತಿ ಹೇರಿದಾಗ ನೆರವೇರಿದ ವಿವಾಹಗಳು ಉಳಿದವುಗಳಿಗಿಂತ ಯಾವುದರಲ್ಲೂ ಕಡಿಮೆಯಾಗಿರಲಿಲ್ಲ.

ಹಾಗೆಂದು ಮದುವೆಗೆ ಖರ್ಚು ಮಾಡುವುದೇ ತಪ್ಪೆಂದು ನಾವು ಹೇಳೆವು. ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಭವ್ಯವಾಗಿ ವೆಚ್ಚ ಮಾಡುವುದನ್ನೂ ಒಂದು ಸದ್ಗುಣವೆಂದೇ ಎಣಿಸಿ, ಬದುಕಿನಲ್ಲಿ ಒಮ್ಮೆ ಬರುವ ಮದುವೆಯನ್ನು ಅದಕ್ಕೆ ತಕ್ಕ ಸಂದರ್ಭವೆನ್ನುತ್ತಾನೆ. ಆದರೆ ವೆಚ್ಚವು ಸಂದರ್ಭಕ್ಕೂ ಮಾಡುವವನ ಶಕ್ತಿಗೂ ಹೊಂದಬೇಕು. ಇಲ್ಲದವನು ಅದಕ್ಕೆ ಕೈಹಾಕುವುದು ಮೂರ್ಖತನ, ಗೆಳೆಯರ ಊಟಕ್ಕೆ ಮದುವೆಯ ಔತಣದಷ್ಟು ಸುರಿಯುವುದು ಅಭಿರುಚಿಹೀನತೆ ಎಂಬುದು ಆತನ ನಿಷ್ಠುರ ಅಭಿಪ್ರಾಯ.

ನಮ್ಮ ಕರಾವಳಿಯ ರೋಸ್ ಸಂಭ್ರಮವನ್ನೇ ನೋಡಿ. ಮದುವೆಯ ಮುನ್ನಾದಿನ ಅಂಗಳದ ಚಪ್ಪರದಡಿ, ನೆರೆಯವರು ತುರಿದು ಹಿಂಡಿದ ತೆಂಗಿನ ಹಾಲನ್ನು ಹಚ್ಚಿ, ವೊವಿಯೊ ಹಾಡಿ, ಮದುಮಕ್ಕಳ ಅವಿವಾಹಿತ ಬದುಕಿಗೆ ವಿದಾಯ ಹೇಳುವ ಮನೆಯ ಆಚರಣೆಯಿದು. ಬೇಕಾದುದು ಒಂದಷ್ಟು ತೆಂಗಿನಕಾಯಿ, ಎಣ್ಣೆ, ಹಾಡು ಬಲ್ಲ ನಾಲ್ವರು ಹಿರಿಯ ಸ್ತ್ರೀಯರು. ಈಗ ಅನೇಕ ಕಡೆ ಅದಕ್ಕೂ ಸಭಾಂಗಣ, ಕೇಟರಿಂಗ್, ನೂರಾರು ಅತಿಥಿಗಳು, ಡಿಜೆ ಸಂಗೀತ. (ವೊವಿಯೊ ಬಲ್ಲ ಅಜ್ಜಿಯಂದಿರು ಮೂಲೆಯಲ್ಲಿ ಕಿವಿ ಮುಚ್ಚಿ ಕುಳಿತಿರುತ್ತಾರೆ!) ರೋಸನ್ನು ಮನೆಯಂಗಳಕ್ಕೆ ಮರಳಿ ತಂದರೆ ಒಂದು ಔತಣದ ಖರ್ಚೇ ಉಳಿದಂತೆ.

ಇನ್ನು ಮದುವೆಯ ಔತಣ. ಊಟದ ಲೆಕ್ಕ ತಟ್ಟೆಗಿಷ್ಟೆಂದು ಇರುವುದರಿಂದ ಆಮಂತ್ರಣದ ಪಟ್ಟಿಯೇ ಖರ್ಚಿನ ಬೇರು. ಹೂವಿನಲ್ಲಿ, ಕೇಕಿನಲ್ಲಿ ಉಳಿಯುವುದು ಚಿಲ್ಲರೆ. ಪಟ್ಟಿಯಿಂದ ನೂರು ಹೆಸರು ಬಿಟ್ಟರೆ ಊಟ, ಪಾನೀಯ, ಸಭಾಂಗಣದ ಗಾತ್ರ ಮೂರೂ ಇಳಿಯುತ್ತವೆ. ಖರ್ಚು ಒಂದು ಕಡೆಯವರದು, ಪಟ್ಟಿ ಇನ್ನೊಂದು ಕಡೆಯವರದು ಆಗುವ ಪದ್ಧತಿಯನ್ನು ನಾವು ವರದಕ್ಷಿಣೆಯ ತಮ್ಮನೆಂದೇ ಭಾವಿಸುತ್ತೇವೆ. ಇಂಥಲ್ಲಿ ಕೆಲವರು ಕಾನಾ ಊರಿನ ಮದುವೆಯನ್ನು ಮುಂದೊಡ್ಡುತ್ತಾರೆ: ಪ್ರಭು ಯೇಸುವೇ ಆರು ಕಲ್ಲಿನ ಬಾನೆಗಳ ತುಂಬ ದ್ರಾಕ್ಷಾರಸ ಒದಗಿಸಲಿಲ್ಲವೇ ಎಂದು. ಒದಗಿಸಿದರು, ನಿಜ. ಅದಕ್ಕೆ ಯಾರೂ ಬಡ್ಡಿ ಕಟ್ಟಬೇಕಾಗಿರಲಿಲ್ಲ.

ಒಂದೇ ದಿನ ಉಡುವ ಬಿಳಿಯ ಗೌನನ್ನು ಬಾಡಿಗೆಗೆ ತರಬಹುದು. ಕೆಂಪು ಸಾಡೊ ಸೀರೆಗೆ ಹೆಚ್ಚು ತೆತ್ತರೂ ಅದು ಮುಂದೆ ಉಡಲಿಕ್ಕಾದೀತು. ದಿನದ ಆಯ್ಕೆಯೂ ಮುಖ್ಯ. ಆಗಮನ ಕಾಲ, ತಪಸ್ಸುಕಾಲಗಳಲ್ಲಿ ಮದುವೆಯಿಡುವ ರೂಢಿಯಿಲ್ಲ; ಕೊಲ್ಲಿ ದೇಶಗಳ ಬಂಧುಗಳಿಗೆ ರಜೆ ಸಿಗುವುದೂ ಇಂತಿಷ್ಟೇ ದಿನ. ಹೀಗಾಗಿ ಕ್ರಿಸ್ತಜಯಂತಿಯ ನಂತರದ ವಾರಗಳಿಗೂ ಏಪ್ರಿಲ್-ಮೇ ತಿಂಗಳಿಗೂ ಎಲ್ಲರೂ ಮುಗಿಬೀಳುತ್ತಾರೆ, ಬಾಡಿಗೆಯೂ ಏರುತ್ತದೆ. ಮಳೆ ಹಿಂದೆಗೆದ ಅಕ್ಟೋಬರ್, ನವೆಂಬರ್‌ಗಳಲ್ಲಿ ಚೌಕಾಸಿಗೆ ಎಡೆಯಿದೆ. ಸಭಾಂಗಣಕ್ಕೆ ಮುಂಗಡ ಕೊಟ್ಟ ಮೇಲಲ್ಲ, ಕೊಡುವ ಮೊದಲೇ ಹೆತ್ತವರು ನಮ್ಮಲ್ಲಿಗೆ ಬಂದರೆ, ವಾರದ ನಡುವೆ ದೇವಾಲಯಕ್ಕೆ ಬಿಡುವಿರುವ ದಿನಗಳನ್ನು ಒಟ್ಟಿಗೆ ಕುಳಿತು ನೋಡಬಹುದು.