ಗೋಬರ್ ಅನಿಲದ ಬಗ್ಗಡ: ಗಟ್ಟಿಯೂ ಗೊಬ್ಬರ, ತಿಳಿಯೂ ಗೊಬ್ಬರ

ಸಗಣಿಯನ್ನು ಗೋಬರ್ ಅನಿಲ ಸ್ಥಾವರಕ್ಕೆ ಹಾಕಿದರೆ ಅದರ ಸತ್ತ್ವವೆಲ್ಲ ಒಲೆಯಲ್ಲಿ ಉರಿದುಹೋಗುತ್ತದೆ, ಹೊಲಕ್ಕೆ ಉಳಿಯುವುದು ಬರಿಯ ಕೆಸರು ಎಂಬ ಶಂಕೆ ಕೆಲವು ರೈತರಲ್ಲಿ ಇಂದಿಗೂ ಉಂಟು. ಈ ಶಂಕೆಯ ದೆಸೆಯಿಂದ ಅಮೂಲ್ಯವಾದ ಬಗ್ಗಡವು ಚರಂಡಿಯ ಪಾಲಾಗುವುದುಂಟು. ವಾಸ್ತವವು ಇದಕ್ಕೆ ವಿರುದ್ಧವಾದುದು.

ಒಲೆಯಲ್ಲಿ ಉರಿಯುವುದು ಮೀಥೇನ್ ಅನಿಲ. ಅಂದರೆ ಇಂಗಾಲ ಮತ್ತು ಜಲಜನಕ. ಸಸ್ಯಗಳಿಗೆ ಬೇಕಾದ ಸಾರಜನಕ, ರಂಜಕ, ಪೊಟ್ಯಾಷ್‌ಗಳು ಬಹುಮಟ್ಟಿಗೆ ಬಗ್ಗಡದಲ್ಲಿಯೇ ಉಳಿಯುತ್ತವೆ. ಸಾರಜನಕದ ಒಂದು ಭಾಗವು ಬೇರುಗಳು ಬೇಗನೆ ಹೀರಬಲ್ಲ ರೂಪಕ್ಕೆ ತಿರುಗಿರುತ್ತದೆ. ಅದೇ ಸಗಣಿಯನ್ನು ಕುಳ್ಳು ತಟ್ಟಿ ಸುಟ್ಟರೆ ಸಾರಜನಕವು ಹೊಗೆಯೊಡನೆ ನಷ್ಟವಾಗುತ್ತದೆ.

ಹಾಗಾದರೆ ತೊಡಕು ಎಲ್ಲಿ? ಸಗಣಿಗೆ ಸಮಪ್ರಮಾಣದ ನೀರು ಬೆರೆಸುವುದರಿಂದ ಹೊರಬರುವ ಬಗ್ಗಡದಲ್ಲಿ ಹತ್ತರಲ್ಲಿ ಒಂಬತ್ತು ಪಾಲಿಗೂ ಮಿಗಿಲಾಗಿ ನೀರೇ ಇರುತ್ತದೆ. ಅದನ್ನು ಬುಟ್ಟಿಯಲ್ಲಿ ಹೊರಲಾಗದು, ಗಾಡಿಗೆ ತುಂಬಲಾಗದು. ಗಟ್ಟಿಯನ್ನೂ ತಿಳಿಯನ್ನೂ ಬೇರ್ಪಡಿಸುವುದೇ ಇದಕ್ಕೆ ಪರಿಹಾರ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ವಿಭಾಗದವರು ನಿರ್ಮಿಸಿದ್ದ ಸಮುದಾಯ ಸ್ಥಾವರದ ಅನಿಲದಿಂದ 1987ರಿಂದ ವಿದ್ಯುತ್ತು ಉತ್ಪಾದಿಸಿ, ಮನೆಗಳಿಗೆ ದೀಪವನ್ನೂ ಕುಡಿಯುವ ನೀರನ್ನೂ ಒದಗಿಸಲಾಯಿತು. ಅಲ್ಲಿ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸುತ್ತಿದ್ದರು. ಇಳಿದ ತಿಳಿಯನ್ನು ಹೊಸ ಸಗಣಿ ಕಲಸಲು ಬಳಸಿದರು. ಮೇಲೆ ಉಳಿದ ಗಟ್ಟಿಯನ್ನು ಸಗಣಿ ತಂದ ಮನೆಯವರಿಗೇ ಹಿಂದಿರುಗಿಸಿದರು. ಗೊಬ್ಬರ ಮರಳಿ ಬರುವುದೆಂಬ ಭರವಸೆಯಿಲ್ಲದಿದ್ದರೆ ಯಾವ ರೈತನು ತಾನೇ ತನ್ನ ಸಗಣಿಯನ್ನು ಕೊಟ್ಟಾನು?

ಮನೆಯ ಚಿಕ್ಕ ಸ್ಥಾವರಕ್ಕೂ ಈ ಕ್ರಮ ಸಾಧ್ಯ. ತಳಕ್ಕೆ ಗಾರೆ ಹಾಕಿದ ಆಳವಿಲ್ಲದ ತೊಟ್ಟಿಯಲ್ಲಿ ಜಲ್ಲಿ ಹಾಗೂ ಮರಳನ್ನು ಹಾಸಿ, ತಿಳಿಯು ಬಸಿದು ಪಕ್ಕದ ಗುಂಡಿಗೆ ಇಳಿಯುವಂತೆ ಮಾಡಬೇಕು. ಗಟ್ಟಿಯಲ್ಲಿ ನಾರಿನಂಶವೂ ರಂಜಕವೂ ಅಧಿಕ. ಅದನ್ನು ಒಣ ಎಲೆ, ಹುಲ್ಲುಗಳೊಡನೆ ನೆರಳಿನಲ್ಲಿ ಕಳಿಸಿ ಬಿತ್ತನೆಗೆ ಮುನ್ನ ಮಣ್ಣಿಗೆ ಸೇರಿಸಬೇಕು. ತಿಳಿಯಲ್ಲಿ ಬೇಗನೆ ದೊರೆಯುವ ಸಾರಜನಕ ಮತ್ತು ಪೊಟ್ಯಾಷ್ ಹೆಚ್ಚು. ಬಿಸಿಲಿನಲ್ಲಿ ಸಾರಜನಕವು ಅಮೋನಿಯಾ ಆಗಿ ಹಾರಿಹೋಗುವುದರಿಂದ, ತಿಳಿಯನ್ನು ಸಂಜೆಯ ಹೊತ್ತು ನೀರಾವರಿಯ ನೀರಿನೊಡನೆ ಬೇರಿನ ಬಳಿಗೆ ಹಾಯಿಸುವುದು ಲೇಸು.

ಎಚ್ಚರಿಕೆಯೂ ಅಗತ್ಯ. ಸ್ಥಾವರದಲ್ಲಿ ಎಲ್ಲ ರೋಗಾಣುಗಳೂ ಸಾಯುವುದಿಲ್ಲ. ಆದುದರಿಂದ ಹಸಿಯಾಗಿ ತಿನ್ನುವ ಸೊಪ್ಪು ತರಕಾರಿಗಳ ಮೇಲೆ ಇದನ್ನು ಎರಚಬಾರದು. ಬಾವಿಯ ಸಮೀಪ ಗುಂಡಿ ತೋಡಬಾರದು. ಮಕ್ಕಳು ಬೀಳದಂತೆ ಗುಂಡಿಗೆ ತಡೆ ಇರಲೇಬೇಕು. ಸಗಣಿಯಲ್ಲಿ ಇಲ್ಲದ ಪೋಷಕಾಂಶವು ಬಗ್ಗಡದಲ್ಲಿ ಹುಟ್ಟಿಬರುವುದಿಲ್ಲವೆಂಬುದನ್ನೂ ಮರೆಯಬಾರದು. ರಾಸಾಯನಿಕ ಗೊಬ್ಬರದ ವೆಚ್ಚ ತಗ್ಗೀತು, ಒಮ್ಮೆಗೇ ಇಲ್ಲವಾಗದು.

ಗೋಬರ್‌ಧನ ಯೋಜನೆಯ ಸ್ಥಾವರಗಳಿಂದ ಬರುವ ಇಂಥ ಗೊಬ್ಬರದ ಮಾರಾಟಕ್ಕೆ ಟನ್ನಿಗೆ 1,500 ರೂಪಾಯಿ ನೆರವು ನೀಡಲು ಕೇಂದ್ರ ಸಚಿವ ಸಂಪುಟವು 2023ರಲ್ಲಿ ಒಪ್ಪಿಗೆ ನೀಡಿತು. ಸರ್ಕಾರವೇ ಬೆಲೆ ಕಟ್ಟಿದ ವಸ್ತುವನ್ನು ನಾವು ಚರಂಡಿಗೆ ಹರಿಯಗೊಡುವುದು ತರವೇ? ಭೂಮಿತಾಯಿಯಿಂದ ಪಡೆದುದನ್ನು ಅವಳಿಗೆ ಮರಳಿಸಿದಾಗಲೇ ಒಲೆಯೂ ಉರಿದೀತು, ಹೊಲವೂ ಹಸುರಾದೀತು.