ಕರೆಂಟು ಡಲ್ ಇದ್ದರೆ ಮೀಟರು ಜೋರಾಗಿ ಓಡುತ್ತದೆಯೇ?

ನಮ್ಮ ಕಡೆ 'ಕರೆಂಟು' ಅನ್ನುವ ಒಂದೇ ಪದ ನಾಲ್ಕು ಕೆಲಸ ಮಾಡುತ್ತದೆ. ಕರೆಂಟು ಹೋಯ್ತು ಎಂದರೆ ಸರಬರಾಜು ನಿಂತಿತು. ಕರೆಂಟು ಡಲ್ ಇದೆ ಎಂದರೆ ವೋಲ್ಟೇಜು ಕಡಿಮೆ. ಕರೆಂಟು ಹೊಡೀತು ಎಂದರೆ ಮೈಯೊಳಗೆ ವಿದ್ಯುತ್ ಹರಿಯಿತು. ಈ ತಿಂಗಳು ಕರೆಂಟು ಜಾಸ್ತಿ ಬಂತು ಎಂದರೆ ಬಿಲ್ಲು. ಮೂಡಿಗೆರೆ, ಕಳಸದ ಬಚ್ಚಲುಗಳಲ್ಲಿ ಹಂಡೆಯ ಜಾಗಕ್ಕೆ ಗೀಸರ್ ಬಂದ ಮೇಲೆ ಹುಟ್ಟಿಕೊಂಡ ತಪ್ಪು ಲೆಕ್ಕಗಳಲ್ಲಿ ಅರ್ಧಕ್ಕರ್ಧ ಈ ಪದದ ಗೊಂದಲದಿಂದಲೇ ಬಂದವೆಂದು ನನ್ನ ಗುಮಾನಿ.

ಒಂದು ತಪ್ಪು ಮಾತ್ರ ಓದಿದವರದೇ: 'ರೋಧ (ರೆಸಿಸ್ಟೆನ್ಸ್) ಹೆಚ್ಚಾದಷ್ಟೂ ಬಿಸಿ ಹೆಚ್ಚು.' ಜೇಮ್ಸ್ ಜೂಲ್ 1841ರಲ್ಲಿ ಪ್ರಕಟಿಸಿದ ನಿಯಮವನ್ನು ಅರ್ಧ ನೆನಪಿಟ್ಟುಕೊಂಡರೆ ಹೀಗಾಗುತ್ತದೆ. ಹರಿಯುವ ಕರೆಂಟು ಬದಲಾಗದಿದ್ದರೆ ಮಾತ್ರ ಆ ಮಾತು ಸರಿ. ಮನೆಯಲ್ಲಿ ಬದಲಾಗದೆ ಇರಬೇಕಾದದ್ದು ವೋಲ್ಟೇಜು, 230. ಅಲ್ಲಿ ರೋಧ ಇಳಿದರೆ ಕರೆಂಟು ಏರುತ್ತದೆ, ಅದರೊಟ್ಟಿಗೆ ಬಿಸಿಯೂ. 1,000 ವ್ಯಾಟಿನ ಒಲೆಯ ಕಾಯಿಲ್‌ಗೆ ಸುಮಾರು 53 ಓಮ್ ರೋಧವಿದ್ದರೆ 2,000 ವ್ಯಾಟಿನ ಗೀಸರಿಗೆ ಅದರ ಅರ್ಧ. ಉರಿಯುತ್ತಿರುವ ಹಳೇ 60 ವ್ಯಾಟಿನ ಬಲ್ಬಿನ ರೋಧ ಸುಮಾರು 880 ಓಮ್. ರೋಧವೇ ಬಿಸಿ ಅನ್ನುವುದಾದರೆ ಆ ಬಲ್ಬಿನಲ್ಲೇ ಸ್ನಾನದ ನೀರು ಕಾಯಬೇಕಿತ್ತು!

ತೋಟದ ಲೈನ್ ಮನೆಗಳಲ್ಲಿ ಕಾಯಿಲ್ ಒಲೆ ಬಳಸಿದವರಿಗೆ ಇದು ಕೈಯಾರೆ ಗೊತ್ತು, ಕಾರಣ ಗೊತ್ತಿಲ್ಲ ಅಷ್ಟೆ. ಕಾಯಿಲ್ ಕಟ್ಟಾಗುತ್ತದೆ. ಸುಟ್ಟ ತುದಿ ಮುರಿದೆಸೆದು, ಉಳಿದದ್ದನ್ನು ಎಳೆದು ಗಂಟು ಹಾಕುತ್ತಾರೆ. ಒಲೆ ಮೊದಲಿಗಿಂತ ಕೆಂಪಗೆ ಕಾಯುತ್ತದೆ. 'ರಿಪೇರಿ ಆದ್ಮೇಲೇ ಚೆನ್ನಾಗಿ ಉರೀತಿದೆ' ಎಂಬ ಸಂತೋಷ ಬೇರೆ. ವಾರದೊಳಗೆ ಮತ್ತೆ ಕಟ್. ಆಗ ಕಂಪನಿಯನ್ನು ಬೈಯುತ್ತಾರೆ. ನಡೆದದ್ದು ಇಷ್ಟು: ತಂತಿಯ ಕಾಲು ಭಾಗ ಹೋದರೆ ರೋಧ ಸುಮಾರು 40 ಓಮಿಗೆ ಇಳಿದು, ಒಲೆ 1,330 ವ್ಯಾಟ್ ಎಳೆಯುತ್ತದೆ. ಹೆಚ್ಚಾದ ಬಿಸಿಯನ್ನು ಚಿಕ್ಕದಾದ ತಂತಿಯೇ ಹೊರಬೇಕು. ಲೆಕ್ಕ ಹಾಕಿದರೆ ಪ್ರತಿ ಇಂಚಿಗೂ ಮೊದಲಿಗಿಂತ ಮುಕ್ಕಾಲು ಪಾಲಿನಷ್ಟು ಹೆಚ್ಚುವರಿ ಹೊರೆ. ಈ ಕಾಯಿಲ್ ನಿಕಲ್ ಮತ್ತು ಕ್ರೋಮಿಯಂ ಬೆರೆಸಿದ ನಿಕ್ರೋಮ್. ಅಮೆರಿಕದ ಆಲ್ಬರ್ಟ್ ಮಾರ್ಷ್ ಇಂಥ ಬೆರಕೆಗೆ 1906ರಲ್ಲಿ ಪೇಟೆಂಟ್ ಪಡೆದರು. ನಿಗಿನಿಗಿ ಕಾದರೂ ಗಾಳಿಯಲ್ಲಿ ಬೇಗ ಸುಟ್ಟುಹೋಗದಿರುವುದು ಅದರ ದೊಡ್ಡ ಗುಣ. ಆ ಗುಣಕ್ಕೂ ಮಿತಿ ಇದೆ.

ಇನ್ನೊಂದು ದೂರು: 'ಪ್ಲಗ್ಗು ಕಾದುಹೋಗ್ತಿದೆ, ಗೀಸರ್ ವಿಪರೀತ ಕರೆಂಟು ಎಳೀತಿದೆ.' ಗೀಸರ್ ಎಳೆಯುವುದು ತನ್ನ ಪಾಲಿನ 8.7 ಆಂಪಿಯರನ್ನೇ. ಅದು 5 ಆಂಪ್ಸಿನ ಪ್ಲಗ್ಗಿಗೆ ಸಲ್ಲದು ಅನ್ನುವುದು ಸರಿ. ಆದರೆ ದೊಡ್ಡ ಪ್ಲಗ್ಗೂ ಕಾಯುತ್ತದಲ್ಲ? ವೈರು, ಪ್ಲಗ್ಗು, ಕಾಯಿಲ್ ಮೂರರಲ್ಲೂ ಹರಿಯುವುದು ಒಂದೇ ಕರೆಂಟು. ಹಾಗಾಗಿ ಇಲ್ಲಿ ಆ ಅರ್ಧ ನೆನಪಿನ ಮಾತೇ ಪೂರ್ತಿ ನಿಜ: ರೋಧ ಎಲ್ಲಿದೆಯೋ ಬಿಸಿ ಅಲ್ಲಿ. ತಾಮ್ರದ ವೈರು ತಣ್ಣಗಿರುತ್ತದೆ. ಮಳೆಗಾಲದ ಥಂಡಿಗೆ ಕಿಲುಬು ಹಿಡಿದ, ಸಡಿಲವಾದ ಪಿನ್ನಿನಲ್ಲಿ ಅರ್ಧ ಓಮ್ ಸೇರಿಕೊಂಡರೆ ಸಾಕು, 35 ವ್ಯಾಟಿಗೂ ಮೀರಿದ ಬಿಸಿ ಅಲ್ಲೇ ಹುಟ್ಟುತ್ತದೆ. ರೇಡಿಯೋ ರಿಪೇರಿಯವರು ಸೀಸ ಕರಗಿಸುವುದು 25 ವ್ಯಾಟಿನ ಕಡ್ಡಿಯಲ್ಲಿ. ಪ್ಲಾಸ್ಟಿಕ್ ಕಮರಿದ ವಾಸನೆ ಬಂದರೆ ಬದಲಿಸಬೇಕಾದದ್ದು ಸಾಕೆಟ್ಟನ್ನು.

ಈಗ ತಲೆಬರಹದ ಪ್ರಶ್ನೆ. 'ಕರೆಂಟು ಡಲ್ ಇದ್ದಾಗ ಗೀಸರ್ ಹಾಕಬೇಡ, ಮೀಟರು ಓಡುತ್ತೆ' ಎಂದು ಮನೆಯ ಹಿರಿಯರು ಗದರುವುದುಂಟು. 230 ವೋಲ್ಟು 170ಕ್ಕೆ ಇಳಿದರೆ 2,000 ವ್ಯಾಟಿನ ಗೀಸರ್ ಸುಮಾರು 1,100 ವ್ಯಾಟಿನದಾಗುತ್ತದೆ. ಎಳೆಯುವ ಕರೆಂಟೂ 6.4 ಆಂಪಿಯರಿಗೆ ಇಳಿಯುತ್ತದೆ. ಚಳಿಗಾಲದ ಬೆಳಿಗ್ಗೆ 20 ಡಿಗ್ರಿಯ 15 ಲೀಟರ್ ನೀರನ್ನು 45ಕ್ಕೆ ಏರಿಸಲು 13 ನಿಮಿಷ ಸಾಕಾಗುತ್ತಿದ್ದ ಕಡೆ 24 ನಿಮಿಷ ಬೇಕು. ಮೀಟರು ಹೆಚ್ಚು ಹೊತ್ತು ಓಡುತ್ತದೆ, ನಿಜ, ಆದರೆ ನಿಧಾನವಾಗಿ. ಎರಡೂ ಸಲ ಒಟ್ಟು ಖರ್ಚು ಅರ್ಧ ಯೂನಿಟ್ಟಿನೊಳಗೇ.

ಹಿರಿಯರ ಮಾತು ಬಂದದ್ದು ಪಂಪ್‌ಸೆಟ್ಟಿನಿಂದ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆಗೆ ಕಾಯದೆ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳಲ್ಲಿ ಮೋಟರ್ ಸುಟ್ಟುಕೊಂಡವರು ಎಷ್ಟೋ ಮಂದಿ. ಮೋಟರು ನೀರೆತ್ತುವ ಹೊರೆಯನ್ನು ಬಿಡುವುದಿಲ್ಲ; ವೋಲ್ಟೇಜು ಕುಸಿದರೆ ಕರೆಂಟನ್ನು ಹೆಚ್ಚು ಎಳೆದಾದರೂ ತಿರುಗಲು ನೋಡುತ್ತದೆ, ವೈಂಡಿಂಗ್ ಸುಡುತ್ತದೆ. ಕಾಯಿಲ್‌ಗೆ ಆ ಹಟವಿಲ್ಲ. ಕೊಟ್ಟಷ್ಟು ತಿಂದು ಸುಮ್ಮನಿರುತ್ತದೆ.

ವೋಲ್ಟೇಜು ಕುಸಿಯುವುದಕ್ಕೂ ಕಾರಣ ರೋಧವೇ, ಆದರೆ ದಾರಿಯದ್ದು. ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಗುಡ್ಡದಾಚೆಯ ಮನೆಗಳಿಗೆ ಹೋಗಿ ಬರುವ ತಂತಿಯಲ್ಲಿ ಒಟ್ಟು 2 ಓಮ್ ಇದೆ ಎಂದಿಟ್ಟುಕೊಳ್ಳಿ. ಎಲ್ಲರೂ ಸೇರಿ 20 ಆಂಪಿಯರ್ ಎಳೆದರೆ 40 ವೋಲ್ಟು ದಾರಿಯಲ್ಲೇ ಖರ್ಚು. 800 ವ್ಯಾಟ್ ಸಿಲ್ವರ್ ಮರಗಳ ನಡುವಿನ ಗಾಳಿಯನ್ನು ಕಾಯಿಸುವುದಕ್ಕೆ ಹೋಗುತ್ತದೆ.

ಇದಕ್ಕೆ ಪರಿಹಾರ ಸ್ಟೆಬಿಲೈಸರ್ ಎಂದು ನಂಬಿದವರೂ ಇದ್ದಾರೆ. ಅದು ಹೊಸದಾಗಿ ಏನನ್ನೂ ಹುಟ್ಟಿಸುವುದಿಲ್ಲ. 170 ವೋಲ್ಟನ್ನು 230ಕ್ಕೆ ಏರಿಸಿ ಗೀಸರಿಗೆ ಪೂರಾ 2,000 ವ್ಯಾಟ್ ಕೊಡಬೇಕೆಂದರೆ ಲೈನಿನಿಂದ 6.4ರ ಬದಲು ಹತ್ತಿರಹತ್ತಿರ 12 ಆಂಪಿಯರ್ ಎಳೆಯಬೇಕು. ಅಷ್ಟು ಎಳೆದೊಡನೆ ದಾರಿಯಲ್ಲಿ ಇನ್ನಷ್ಟು ವೋಲ್ಟು ಕರಗಿ, ಕೊನೇ ಕಂಬದ ಮನೆಯವರ ಗೀಸರ್ ಇನ್ನಷ್ಟು ನಿಧಾನವಾಗುತ್ತದೆ. ಮರುವಾರ ಅವರೂ ಒಂದು ಸ್ಟೆಬಿಲೈಸರ್ ತರುತ್ತಾರೆ.