ಅಳಿವೆಯ ನೀರು ಮತ್ತು ನಂಗು ಮೀನು

ಮೈಸೂರು ಸೀಮೆಯ ವಿದ್ಯಾರ್ಥಿಗೆ ನದಿಯೆಂದರೆ ಒಂದೇ ದಿಕ್ಕಿನಲ್ಲಿ ಹರಿಯುವ ನೀರು. ಕಾವೇರಿ ಏರುವುದು ಮಳೆ ಬಂದಾಗ ಅಥವಾ ಕಟ್ಟೆಯ ಬಾಗಿಲುಗಳನ್ನು ತೆರೆದಾಗ. ಅದು ಹಿಂದಕ್ಕೆ ಹರಿದುದನ್ನು ಕಂಡವರಿಲ್ಲ. ನಮ್ಮ ಉದಯಗಿರಿಯಿಂದ ಸಮುದ್ರತೀರಕ್ಕೆ ಇನ್ನೂರು ಕಿಲೋಮೀಟರುಗಳಿಗೂ ಮಿಕ್ಕ ದಾರಿಯಿರುವುದರಿಂದ, ದಿನಕ್ಕೆ ಎರಡಾವರ್ತಿ ಸಮುದ್ರವು ನದಿಯೊಳಕ್ಕೆ ನುಗ್ಗಿ ಮರಳುವ ದೃಶ್ಯವು ನಮಗೆ ಪುಸ್ತಕದ ಮಾತಾಗಿಯೇ ಉಳಿದಿದೆ. ಕುಮಟೆಯ ಬಳಿ ಅಘನಾಶಿನಿಯಲ್ಲಿಯೂ ಹೊನ್ನಾವರದ ಬಳಿ ಶರಾವತಿಯಲ್ಲಿಯೂ ಇದು ನಿತ್ಯದ ಸಂಗತಿ. ನದಿಯ ಸಿಹಿನೀರೂ ಕಡಲಿನ ಉಪ್ಪುನೀರೂ ಹೀಗೆ ಕೂಡುವ ಎಡೆಗೆ ಕರಾವಳಿಯ ಜನ ಅಳಿವೆ ಎನ್ನುತ್ತಾರೆ. ಅಳಿವೆಯ ದಡದಲ್ಲಿ ನಿಂತು ಚಪ್ಪಟೆ ಮೀನನ್ನು ಹಿಡಿಯುವವನ ಕಸುಬು ಯಾವ ನಿಯಮಗಳನ್ನು ಅವಲಂಬಿಸಿದೆ, ಆ ನಿಯಮಗಳು ಕೆಟ್ಟರೆ ಏನಾಗುತ್ತದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಮೀನಿನ ವಿಷಯ. ನಮ್ಮ ಕರಾವಳಿಯ ಚಪ್ಪಟೆ ಮೀನುಗಳಲ್ಲಿ ಬಹು ಪರಿಚಿತವಾದುದು ನಂಗು. ಕೊಂಕಣಿಯಲ್ಲಿ ಇದಕ್ಕೆ ಲೆಪೊ ಎಂದು ಹೆಸರು. ಶಾಸ್ತ್ರಜ್ಞರು ಇದನ್ನು ಸೈನೋಗ್ಲಾಸಸ್ ಮ್ಯಾಕ್ರೋಸ್ಟೋಮಸ್ ಎಂದು ಕರೆಯುತ್ತಾರೆ. ಮೊದಲನೆಯ ಪದಕ್ಕೆ ನಾಯಿಯ ನಾಲಗೆ ಎಂದರ್ಥ. ಮೀನನ್ನು ನೋಡಿದವರಿಗೆ ಈ ಹೆಸರಿನ ಔಚಿತ್ಯವನ್ನು ಹೇಳಬೇಕಾಗಿಲ್ಲ. ಗೇಣುದ್ದವನ್ನೂ ಮೀರದ ಈ ಮೀನು ಮೊಟ್ಟೆಯೊಡೆದು ಬಂದಾಗ ಇತರ ಮೀನುಗಳಂತೆಯೇ ಇರುತ್ತದೆ. ಎರಡು ಪಕ್ಕಗಳಲ್ಲಿಯೂ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತ ಬಲಗಣ್ಣು ತಲೆಯ ಮೇಲಂಚನ್ನು ದಾಟಿ ಎಡಪಕ್ಕಕ್ಕೆ ಸರಿಯುತ್ತದೆ. ಆ ಮೇಲೆ ಮೀನು ಬಲಪಕ್ಕವನ್ನು ಕೆಳಗೆ ಮಾಡಿಕೊಂಡು ತಳದ ಮೇಲೆ ಮಲಗುತ್ತದೆ. ಕೆಳಗಿನ ಪಕ್ಕ ಬಿಳುಪು. ಮೇಲಿನ ಪಕ್ಕ ಕೆಸರಿನ ಬಣ್ಣ.

ಈ ಕಣ್ಣಿನ ಪ್ರಯಾಣವು ಒಂದು ಪ್ರಸಿದ್ಧ ವಿವಾದಕ್ಕೆ ಕಾರಣವಾಯಿತು. ಕಣ್ಣು ಅರ್ಧ ದಾರಿ ಸರಿದರೆ ಮೀನಿಗೇನು ಲಾಭ ಎಂದು ಸೇಂಟ್ ಜಾರ್ಜ್ ಮೈವರ್ಟನು 1871ರಲ್ಲಿ ಡಾರ್ವಿನ್ನನ ವಾದವನ್ನು ಆಕ್ಷೇಪಿಸಿದನು. ಡಾರ್ವಿನ್ನನು 1872ರಲ್ಲಿ ತನ್ನ ಗ್ರಂಥದ ಆರನೆಯ ಆವೃತ್ತಿಯಲ್ಲಿ ಇದಕ್ಕೆ ಉತ್ತರ ಕೊಟ್ಟನು. ಆದರೆ ಪ್ರತ್ಯಕ್ಷ ಸಾಕ್ಷ್ಯ ದೊರೆತುದು 2008ರಲ್ಲಿ. ಸುಮಾರು ಐದು ಕೋಟಿ ವರ್ಷಗಳಷ್ಟು ಹಳೆಯ ಪಳೆಯುಳಿಕೆಗಳಲ್ಲಿ ಒಂದು ಕಣ್ಣು ನಡುದಾರಿಯಲ್ಲಿಯೇ ನಿಂತಿರುವ ಮೀನುಗಳನ್ನು ಮ್ಯಾಟ್ ಫ್ರೀಡ್ಮನ್ ಗುರುತಿಸಿದರು. ತಳವನ್ನು ನಂಬಿ ಬದುಕುವುದಕ್ಕಾಗಿ ಮೈಯನ್ನೇ ಹೀಗೆ ಮಾರ್ಪಡಿಸಿಕೊಂಡ ಮೀನಿಗೆ ತಳದ ಸ್ಥಿತಿಯೇ ಸರ್ವಸ್ವವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಇನ್ನು ನೀರಿನ ವಿಷಯ. ಕರಾವಳಿಯಲ್ಲಿ ಒಂದು ಭರತದಿಂದ ಇನ್ನೊಂದು ಭರತಕ್ಕೆ ಸುಮಾರು ಹನ್ನೆರಡು ಗಂಟೆ ಇಪ್ಪತ್ತೈದು ನಿಮಿಷಗಳ ಅಂತರ. ಆದುದರಿಂದ ಇಂದಿನ ಭರತವು ನಾಳೆ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸಮೀಪದಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿಯ ಸುತ್ತ ಈ ಏರಿಳಿತ ಕಡಮೆ. ಉಪ್ಪುನೀರು ಸಿಹಿನೀರಿಗಿಂತ ಭಾರವಾದುದರಿಂದ ಭರತದ ನೀರು ಅಳಿವೆಯ ತಳವನ್ನು ಹಿಡಿದು ಒಳಕ್ಕೆ ಸಾಗುತ್ತದೆ, ಮೇಲೆ ನದಿಯ ನೀರು ತೇಲುತ್ತಿರುತ್ತದೆ. ಹೀಗಾಗಿ ಅಳಿವೆಯಲ್ಲಿ ನಿಂತವನ ಮೊಣಕಾಲಿನ ಮಟ್ಟದ ನೀರು ಸಪ್ಪೆಯಾಗಿದ್ದು ಪಾದದ ಬಳಿಯ ನೀರು ಉಪ್ಪಾಗಿರಬಹುದು. ಯುರೋಪಿನ ಫ್ಲೌಂಡರ್ ಎಂಬ ಚಪ್ಪಟೆ ಮೀನಿನ ಮರಿಗಳು ಈ ಚಲನೆಯನ್ನು ವಾಹನದಂತೆ ಬಳಸುತ್ತವೆ: ಭರತದಲ್ಲಿ ತಳವನ್ನು ಬಿಟ್ಟು ಮೇಲೆದ್ದು ಒಳಕ್ಕೆ ಸಾಗುತ್ತವೆ, ಇಳಿತದಲ್ಲಿ ತಳಕ್ಕೆ ಅಂಟಿ ನಿಲ್ಲುತ್ತವೆ. ಈಜುವ ಶ್ರಮವಿಲ್ಲದೆ ಮೈಲುಗಟ್ಟಲೆ ಪ್ರಯಾಣ. ನಮ್ಮ ಅಳಿವೆಗಳನ್ನೂ ನಂಗಿನ ಬಳಗದ ಹಲವು ಜಾತಿಗಳು ಹೊಗುತ್ತವೆ. ಸ್ಯೂಡೊರಾಂಬಸ್ ಆರ್ಸಿಯಸ್ ಎಂಬ ಅಗಲವಾದ ಚಪ್ಪಟೆ ಮೀನಿನ ಮರಿಗಳೂ ಅಲ್ಲಿ ಬೆಳೆಯುತ್ತವೆ.

ದಡದ ಬೇಟೆಗಾರನ ಜ್ಞಾನವೆಲ್ಲ ಈ ಎರಡು ಸಂಗತಿಗಳ ಮೇಲೆ ನಿಂತಿದೆ. ಅವನು ಗಡಿಯಾರಕ್ಕಿಂತ ತಿಥಿಯನ್ನು ನಂಬುತ್ತಾನೆ. ಭರತವೇರುವಾಗ ಮೀನು ಹುಳುಗಳನ್ನು ಅರಸಿ ತೆಳುನೀರಿನ ಕೆಸರಿನವರೆಗೂ ಬರುತ್ತದೆ. ಇಳಿತದಲ್ಲಿ ಕಾಲುವೆಗಳ ಆಳಕ್ಕೆ ಸರಿಯುತ್ತದೆ. ಬೀಸುಬಲೆಯನ್ನು ಎಸೆಯುವವನು ಈ ತಿರುವನ್ನೇ ಕಾಯುತ್ತಾನೆ. ಚಪ್ಪಟೆ ಮೀನು ಬಲೆಯ ಅಂಚಿನ ಕೆಳಗೆ ನುಸುಳಬಲ್ಲುದಾದ್ದರಿಂದ ಅಂಚಿನ ಸೀಸದ ಗುಂಡುಗಳು ತಳಕ್ಕೆ ಒತ್ತಿ ಕೂರಬೇಕು, ಬಲೆಯನ್ನು ಅವಸರಪಡದೆ ಎಳೆಯಬೇಕು. ಹಲವರು ಕೂಡಿ ದಡಕ್ಕೆಳೆಯುವ ಕೈರಂಪಣಿಗೂ ಇದೇ ನಿಯಮ. ನಂಗಿನ ಬಾಯಿ ಚಿಕ್ಕದಾಗಿ ಓರೆಯಾಗಿರುವುದರಿಂದ ಗಾಳಕ್ಕಿಂತ ಬಲೆಯೇ ಮೇಲು. ಸ್ಕಾಟ್ಲೆಂಡಿನ ಪಾಲ್‌ನಾಕಿ ಎಂಬ ಹಳ್ಳಿಯ ಅಳಿವೆಯಲ್ಲಿ ಬಲೆಯೂ ಇಲ್ಲದೆ, ಇಳಿತದ ಕೆಸರಿನಲ್ಲಿ ಬರಿಗಾಲಿನಲ್ಲಿ ನಡೆದು ಫ್ಲೌಂಡರನ್ನು ತುಳಿದು ಹಿಡಿಯುವ ಪದ್ಧತಿಯಿತ್ತು. ಎಲ್ಲಿಯಾದರೂ ಉಪಾಯದ ಮೂಲ ಒಂದೇ: ಓಡುವುದಕ್ಕಿಂತ ಅಡಗುವುದನ್ನು ನಂಬಿದ ಮೀನನ್ನು ಅದು ಅಡಗಿದಲ್ಲಿಯೇ ಹಿಡಿಯುವುದು.

ದಿನದ ಲಯದಂತೆ ವರ್ಷದ ಲಯವೂ ಉಂಟು. ಮುಂಗಾರಿನಲ್ಲಿ ಅಳಿವೆಯ ನೀರು ಬಹುಮಟ್ಟಿಗೆ ಸಿಹಿಯಾಗುತ್ತದೆ. ಕಡಲಂಚಿನ ತಳವೂ ಕಲಕಿ ಅಲ್ಲಿಯ ಹುಳುಹುಪ್ಪಟೆಗಳು ಕ್ಷೀಣಿಸುತ್ತವೆ. ಕೋಳಿಕೋಡಿನ ಸಮುದ್ರತೀರದಲ್ಲಿ ನಂಗನ್ನು ಅಭ್ಯಾಸ ಮಾಡಿದ ಜಿ. ಶೇಷಪ್ಪ ಮತ್ತು ಬಿ. ಎಸ್. ಭೀಮಾಚಾರ್ ಅವರು 1950ರ ದಶಕದ ತಮ್ಮ ಪ್ರಬಂಧಗಳಲ್ಲಿ ಒಂದು ಸೊಗಸಾದ ಅಂಶವನ್ನು ಹೊರಗೆಡಹಿದರು. ಶೀತದೇಶಗಳ ಮೀನಿನ ಹುರುಪೆಯಲ್ಲಿ ಚಳಿಗಾಲವು ಮೂಡಿಸುವ ವರ್ಷದ ಉಂಗುರದಂತೆ ನಂಗಿನ ಹುರುಪೆಯಲ್ಲಿ ಮುಂಗಾರು ಉಂಗುರ ಮೂಡಿಸುತ್ತದೆ. ಅದು ಆಹಾರವಿಲ್ಲದ ತಿಂಗಳುಗಳ ಗುರುತು. ಮಳೆ ತಗ್ಗಿದ ಮೇಲೆ, ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ, ಮೀನು ತೀರಕ್ಕೆ ಗುಂಪುಗುಂಪಾಗಿ ಬರುತ್ತದೆ. ಸಿಹಿನೀರಿನ ಕಾಲ, ಉಪ್ಪುನೀರಿನ ಕಾಲ ಎಂಬ ಈ ಸರದಿಯೇ ಅಳಿವೆಯ ಬಾಳು.

ಈ ಸರದಿ ತಪ್ಪಿದರೆ ಏನಾಗುವುದೆಂಬುದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ನೆರೆಹೊರೆಯ ಎರಡು ನದಿಗಳೇ ಸಾಕು. ಶರಾವತಿಗೆ 1964ರಲ್ಲಿ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ನಿರ್ಮಾಣವಾಯಿತು. ವಿದ್ಯುತ್ತನ್ನು ಉತ್ಪಾದಿಸಿದ ನೀರು ಬೇಸಗೆಯಲ್ಲಿಯೂ ಎಡೆಬಿಡದೆ ಕೆಳಕ್ಕೆ ಹರಿಯುತ್ತದೆ. ಆದುದರಿಂದ ಮಳೆಗಾಲ ಕಳೆದರೂ ಅಳಿವೆಗೆ ಉಪ್ಪು ಮೊದಲಿನಂತೆ ಮರಳುವುದಿಲ್ಲ. ಅಘನಾಶಿನಿಗೆ ಅಂಥ ದೊಡ್ಡ ಕಟ್ಟೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಅಳಿವೆಗಳನ್ನು ಹೋಲಿಸಿದಾಗ ಶರಾವತಿಯಲ್ಲಿ ಉಪ್ಪು ತಗ್ಗಿ, ತಳದ ಚಿಪ್ಪುಜೀವಿಗಳು ಬಹುಮಟ್ಟಿಗೆ ನಶಿಸಿದುದೂ ಮೀನಿನ ಜಾತಿಗಳು ಕಡಮೆಯಾದುದೂ ಕಂಡುಬಂದಿತು. ಅಘನಾಶಿನಿಯಲ್ಲಿ ಚಿಪ್ಪುಗಳನ್ನು ಆಯುವ ಕಸುಬೇ ಸಾವಿರಾರು ಜನಕ್ಕೆ ಜೀವನಾಧಾರವಾಗಿದೆ. ತಳದ ಜೀವಿಗಳನ್ನು ತಿಂದು ತಳದಲ್ಲಿಯೇ ಬಾಳುವ ಮೀನಿಗೆ ಈ ಎರಡರಲ್ಲಿ ಯಾವ ಅಳಿವೆ ಹಿತವೆಂಬುದನ್ನು ಊಹಿಸುವುದು ಕಷ್ಟವಲ್ಲ.

ವಿದ್ಯುತ್ತು ನಾಡಿಗೆ ಬೇಕು. ಅದನ್ನು ಅಲ್ಲಗಳೆಯುವುದು ಈ ಲೇಖನದ ಅಭಿಪ್ರಾಯವಲ್ಲ. ಆದರೆ ನದಿಯ ನೀರಿನ ಲೆಕ್ಕವನ್ನು ಬರೆಯುವಾಗ ಸಮುದ್ರ ಸೇರಿದ ನೀರನ್ನು ವ್ಯರ್ಥವೆಂದು ಬರೆಯುವ ವಾಡಿಕೆ ನಮ್ಮಲ್ಲಿದೆ. ಅದೇ ರೀತಿ, ಅಕಾಲದಲ್ಲಿ ಅಳಿವೆಗೆ ಬಂದ ಸಿಹಿನೀರಿನಿಂದಾಗುವ ನಷ್ಟವೂ ಯಾವ ಲೆಕ್ಕದಲ್ಲಿಯೂ ಸೇರುವುದಿಲ್ಲ. ಇವೆರಡೂ ತಪ್ಪು. ಎಷ್ಟು ನೀರು ಬಂತೆಂಬುದರಷ್ಟೇ ಯಾವಾಗ ಬಂತೆಂಬುದೂ ಅಳಿವೆಗೆ ಮುಖ್ಯ. 4801 ಹೆಕ್ಟೇರುಗಳ ಅಘನಾಶಿನಿ ಅಳಿವೆಯು 2024ರಲ್ಲಿ ರಾಮ್ಸಾರ್ ಒಪ್ಪಂದದ ಪಟ್ಟಿಗೆ ಸೇರಿದುದು ಸಂತೋಷದ ಸಂಗತಿ. ಆದರೆ ಪಟ್ಟಿಯ ಗಡಿಯೊಳಗಿನ ಕೆಸರನ್ನು ಕಾಯ್ದರೆ ಸಾಲದು. ಘಟ್ಟದ ಮೇಲಿನಿಂದ ಬರುವ ನೀರಿನ ಕಾಲಕ್ರಮವನ್ನೂ ಕಾಯಬೇಕಾಗುತ್ತದೆ.

ಇದರಲ್ಲಿ ಕಾಲೇಜುಗಳಿಗೂ ಕೆಲಸವಿದೆ. ಹುಣ್ಣಿಮೆ ಅಷ್ಟಮಿಗಳಂದು, ಭರತ ಇಳಿತಗಳಲ್ಲಿ, ತಳದ ನೀರಿನ ಉಪ್ಪನ್ನು ಅಳೆದು, ದಡದ ಬಲೆಗಳಿಗೆ ಬಿದ್ದ ನಂಗನ್ನು ಎಣಿಸಿ, ಒಂದೆರಡು ಹುರುಪೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಡುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಎರಡು ಅಳಿವೆಗಳಲ್ಲಿ ಹತ್ತು ವರ್ಷ ಇಂಥ ದಾಖಲೆಯನ್ನು ಇಟ್ಟರೆ, ಬಲೆ ಬೀಸುವವನು ತಿಥಿಯ ಲೆಕ್ಕದಲ್ಲಿ ಬಲ್ಲ ವಿಷಯವು ಅಂಕಿಗಳ ರೂಪದಲ್ಲಿ ನಮ್ಮ ಕೈಸೇರುತ್ತದೆ. ಮುಂದೆ ಯಾವುದಾದರೂ ನದಿಯ ನೀರನ್ನು ಕುರಿತು ತೀರ್ಮಾನ ಮಾಡಬೇಕಾದವರ ಮುಂದೆ ಇಡಲು ಅದು ಯೋಗ್ಯವಾದ ಸಾಕ್ಷ್ಯವಾದೀತು.